ಟೊಮೆಟೊ ಗಿಡಕ್ಕೆ ಹಾಕಿದ ಹೊಲಿಗೆ

ಟೇಪಕ್ಕನನ್ನು ನಾನು ಮೊದಲು ಕಂಡ ದಿನ ಆಕೆ ಮಂಡಿಯೂರಿ ಕುಳಿತು ನೆಲದ ಅಳತೆ ತೆಗೆಯುತ್ತಿದ್ದರು. ನೀರಿನ ಟ್ಯಾಂಕಿನ ಹಿಂದಿನ ಬಯಲನ್ನು ತೋಟದ ಸಂಘದವರು ನಲವತ್ತು ತುಂಡು ಮಾಡಿ, ಮನೆಯ ಮುಂದೆ ಅಂಗಳವಿಲ್ಲದವರಿಗೆ ತರಕಾರಿ ಬೆಳೆಯಲು ಕೊಡುತ್ತಿದ್ದರು. ಹದಿಮೂರನೆಯ ತುಂಡು ಆಕೆಯದು, ಪಕ್ಕದ ಹದಿನಾಲ್ಕು ನನ್ನದು. ಆಕೆ ಸದಾ ಕೊರಳಲ್ಲಿ ನೇತಾಡುವ, ಆ ಹೆಸರು ತಂದುಕೊಟ್ಟ ಟೇಪನ್ನು ತೆಗೆದು ಒಂದು ತುದಿಯನ್ನು ನನ್ನತ್ತ ಚಾಚಿದರು.

"ಸ್ವಲ್ಪ ಹಿಡ್ಕೊಳ್ಳಿ. ಜಗ್ಗಬೇಡಿ ಮತ್ತೆ, ಟೇಪು ಹಿಗ್ಗತ್ತೆ."

ಮೂವತ್ತೈದು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಅಪ್ಪಣೆ ಕೊಟ್ಟ ನಾನು ಅಂದು ಹೇಳಿದಂತೆ ಹಿಡಿದು ನಿಂತೆ. ಬಳಿಕ ಆಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹಸಿ ಮಣ್ಣಿನ ಮೇಲೆ ಗೆರೆ ಎಳೆಯಲು ಹೋದರು. ಸುಣ್ಣ ಪಟ್ಟನೆ ಮುರಿಯಿತು. ತಮ್ಮ ಪೆದ್ದುತನಕ್ಕೆ ತಾವೇ ಬಿದ್ದು ಬಿದ್ದು ನಕ್ಕರು.

ಆಕೆಯ ಕಸುಬು ಹೊಲಿಗೆ. ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ಅತ್ತೆ, ಸೊಸೆ, ಒಂದು ಹೊಲಿಗೆ ಯಂತ್ರ. ಗಂಡ ಸರಕು ಹಡಗಿನಲ್ಲಿ ಅಡುಗೆಯವನು. ವರ್ಷಕ್ಕೆ ಎರಡು ಬಾರಿ ಬರುತ್ತಿದ್ದ. "ಇರೋದೊಂದು ಕಿಟಕಿ ಮೇಷ್ಟ್ರೇ, ಅದರ ಬೆಳಕು ಸೂಜಿಗೇ ಸಾಲಲ್ಲ. ಇನ್ನು ಗಿಡಕ್ಕೆಲ್ಲಿ ಕೊಡ್ಲಿ?" ಎನ್ನುತ್ತಿದ್ದರು. ಈ ತುಂಡು ನೆಲಕ್ಕಾಗಿ ಹೆಸರು ಬರೆಸಿ ಆರು ವರ್ಷ ಕಾದಿದ್ದರು. ಆದರೆ ತೋಟದ ಸಂಘದ ನಿಯಮ ಕಟ್ಟುನಿಟ್ಟಿನದು. ವಸಂತದ ಕೊನೆಯ ಭಾನುವಾರ ಕಾರ್ಯದರ್ಶಿಗಳು ಬಂದು ನೋಡುವ ಹೊತ್ತಿಗೆ ಅರ್ಧ ನೆಲದಲ್ಲಾದರೂ ಬೇರುಬಿಟ್ಟ ಬೆಳೆ ಇರಬೇಕು. ಇಲ್ಲದಿದ್ದರೆ ಆ ತುಂಡು ಪಟ್ಟಿಯಲ್ಲಿ ಮುಂದಿನವರ ಪಾಲು.

ಆಕೆ ಇಪ್ಪತ್ತನಾಲ್ಕು ಟೊಮೆಟೊ ಸಸಿ ನೆಟ್ಟರು. ಮೊಣಕಾಲೆತ್ತರ ಬಂದೊಡನೆ ಒಂದೊಂದಕ್ಕೂ ಕೋಲು ಊರಿದರು. ನಾವೆಲ್ಲ ದಾರದಿಂದ ಕಟ್ಟಿದೆವು. ಟೇಪಕ್ಕನಿಗೆ ಗಂಟಿನ ಮೇಲೆ ನಂಬಿಕೆಯಿಲ್ಲ. ಕತ್ತರಿಸಿ ಉಳಿದ ಬಟ್ಟೆಯ ಪಟ್ಟಿಗಳನ್ನು ತಂದು, ಕೋಲನ್ನೂ ಕಾಂಡವನ್ನೂ ಸೇರಿಸಿ ಸುತ್ತಿ, ಸೂಜಿ ದಾರದಿಂದ ಹೊಲಿದೇಬಿಟ್ಟರು! ಒಂದು ಗಿಡಕ್ಕೆ ಮೂರು ಕಡೆ, ಎರಡೆರಡು ಸುತ್ತು ಹೊಲಿಗೆ. ಗಿಡಗಳು ಕವಾಯತಿಗೆ ನಿಂತ ಮಕ್ಕಳಂತೆ ನೆಟ್ಟಗೆ ನಿಂತವು. ನೋಡಲು ಜನ ಬಂದರು. ನಾನೂ ತಲೆದೂಗಿದೆ.

ಅಷ್ಟರಲ್ಲಿ ಶಾಲೆಯ ಸಮವಸ್ತ್ರದ ಕಾಲ ಬಂತು. ಎಂಬತ್ತು ಅಂಗಿಗಳ ಕೆಲಸ ಕೈಯಲ್ಲಿತ್ತು. ಎರಡು ವಾರ ಆಕೆ ತೋಟದ ಕಡೆ ತಲೆಹಾಕಲಿಲ್ಲ. ನೀರು ಹಾಕುವ ಹೊಣೆ ನನ್ನದಾಗಿತ್ತು. ದಿನವೂ ಹಾಕಿದೆ. ಬುಡ ನೋಡಿದೆನೇ ಹೊರತು ಕಟ್ಟುಗಳನ್ನು ನೋಡಲಿಲ್ಲ. ನಡುವೆ ಒಂದು ಒಳ್ಳೆಯ ಮಳೆ, ಮೇಲೆ ಬಿಸಿಲು. ಗಿಡಗಳು ಒಂದೇ ಸಮನೆ ದಪ್ಪಗಾದವು. ಟೇಪಕ್ಕ ಮರಳಿ ಬಂದ ದಿನ ತುದಿ ಎಲೆಗಳು ಜೋತುಬಿದ್ದಿದ್ದವು. ಎದುರು ತುಂಡಿನ ಗಾರ್ಡ್ ತಾತ, ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಏನಮ್ಮಾ, ಗಿಡದ ಕತ್ತು ಹಿಸುಕಿದೀಯಲ್ಲ!"

"ಬೀಳಬಾರದು ಅಂತ ಬಿಗಿಯಾಗಿ ಹೊಲಿದೆ, ತಾತ."

"ಬೆಳೆಯೋ ಮಕ್ಕಳ ಅಂಗಿಗೆ ಒಳಗೆ ಎರಡಿಂಚು ಮಡಚಿ ಹೊಲೀತೀಯಲ್ಲ? ಇದೇನು ನನ್ನ ವಯಸ್ಸಿಂದು ಅಂದ್ಕೊಂಡ್ಯಾ, ಇನ್ನು ಬೆಳೆಯಲ್ಲ ಅಂತ?"

ಟೇಪಕ್ಕನ ಮುಖ ಸಪ್ಪಗಾಯಿತು. ಪುಟ್ಟ ಕತ್ತರಿಯಿಂದ ಹೊಲಿಗೆ ಬಿಚ್ಚುತ್ತ ಹೋದರು. ಆರು ಗಿಡ ಉಳಿದವು. ಮಿಕ್ಕ ಹದಿನೆಂಟರ ಕಾಂಡ ಕಟ್ಟಿನ ಜಾಗದಲ್ಲಿ ಸವೆದು ನೂಲಿನಂತಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ. ಕಾರ್ಯದರ್ಶಿಗಳು ಬರಲು ಇನ್ನು ಹನ್ನೆರಡೇ ದಿನ.

"ಆರು ವರ್ಷ ತಾತ..." ಎಂದು ಆಕೆ ಅಲ್ಲೇ ಕುಳಿತರು.

"ಕೂತ್ರೆ ಬೇರು ಬರತ್ತಾ? ಏಳು. ಟೊಮೆಟೊ ಗಟ್ಟಿ ಜೀವ. ತಲೆ ಕಡಿದು ನೆಟ್ರೂ ಬದುಕತ್ತೆ."

ಅಂದು ಸಂಜೆ ಮೂವರೂ ಕೂಡಿ ಹದಿನೆಂಟು ತುದಿಗಳನ್ನು ಕತ್ತರಿಸಿದೆವು. ಕೆಳಗಿನ ಎಲೆ ಕಿತ್ತು, ಗೇಣುದ್ದ ಕಾಂಡವನ್ನು ಮಣ್ಣಿನೊಳಗೆ ಇಳಿಸಿದೆವು. ಬಿಸಿಲು ತಾಗಬಾರದೆಂದು ಟೇಪಕ್ಕ ಒಳಪದರದ ತೆಳು ಬಟ್ಟೆಯಿಂದ ಹದಿನೆಂಟು ಟೊಪ್ಪಿಗೆ ಹೊಲಿದು, ಕಡ್ಡಿ ಚುಚ್ಚಿ ನಿಲ್ಲಿಸಿದರು. ಮನೆಯಲ್ಲಿ ಇನ್ನೂ ಮೂವತ್ತು ಅಂಗಿ ಬಾಕಿ. ಅತ್ತೆ ಹೇಳಿದರಂತೆ: "ಗುಂಡಿ, ಕಾಜಾ ನನಗಿರಲಿ. ನೀನು ನಡಿ. ಇಲ್ಲಿ ಕೂತು ನಿಟ್ಟುಸಿರು ಬಿಟ್ರೆ ದಾರವೂ ತುಂಡಾಗತ್ತೆ." ಟೇಪಕ್ಕ ದಿನಕ್ಕೆ ಎರಡು ಬಾರಿ ಬಂದು ಟೊಪ್ಪಿಗೆ ಎತ್ತಿ ನೀರು ಚಿಮುಕಿಸಿ ಹೋಗುತ್ತಿದ್ದರು.

ಆ ಭಾನುವಾರ ಕಾರ್ಯದರ್ಶಿಗಳು ಪುಸ್ತಕ ಹಿಡಿದು ಬಂದರು. ಹಿಂದಿನ ವರ್ಷ ಯಾರೋ, ತಪಾಸಣೆಯ ಮುನ್ನಾದಿನ ಕಡಿದ ಕೊಂಬೆಗಳನ್ನು ಚುಚ್ಚಿ ಅವರಿಗೆ ಟೋಪಿ ಹಾಕಿದ್ದರು. ಆದ್ದರಿಂದ ಟೇಪಕ್ಕನ ಗಿಡ್ಡ ಗಿಡಗಳನ್ನು ಕಂಡೊಡನೆ ಹುಬ್ಬು ಗಂಟಿಕ್ಕಿದರು.

"ಇವು ನಿನ್ನೆ ಚುಚ್ಚಿದ ಹಾಗಿವೆ."

"ಹನ್ನೆರಡು ದಿನ ಆಯ್ತು ಸಾರ್. ತಪ್ಪು ನಂದೇ, ಬಿಗಿಯಾಗಿ ಹೊಲಿದುಬಿಟ್ಟೆ."

"ಹೊಲಿದ್ರಾ?" ಅವರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಮಾತಿಗಿಂತ ಕೈಯನ್ನೇ ನಂಬುವವರು. ಬಗ್ಗಿ ಒಂದು ಗಿಡವನ್ನು ಮೆಲ್ಲನೆ ಜಗ್ಗಿದರು. ಅಲುಗಲಿಲ್ಲ. ಇನ್ನೊಂದು, ಅದೂ ಅಲುಗಲಿಲ್ಲ. ಮೂರನೆಯದನ್ನು ಅವರು ತುಸು ಜೋರಾಗಿಯೇ ಎಳೆದರು. ಗಿಡ ಮಣ್ಣಿನ ಹೆಂಟೆಯೊಡನೆ ಎದ್ದು ಬಂತು. ಕಾಂಡದ ಸುತ್ತ ಬೆಳ್ಳನೆಯ ಬೇರು, ಮಗುವಿನ ಹಾಲುಹಲ್ಲಿನಂತೆ ಒತ್ತಾಗಿ.

"ಅಯ್ಯಯ್ಯೋ, ಕಿತ್ತೇಬಿಟ್ರಲ್ಲ ಸಾರ್! ಈಗ ನೀವೇ ನೆಡಿ!"

ತೋಟದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಾರ್ಯದರ್ಶಿಗಳು ಪುಸ್ತಕವನ್ನು ನನ್ನ ಕೈಗಿತ್ತು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮಂಡಿಯೂರಿದರು. "ಆಳವಾಗಿ ಸಾರ್, ಇನ್ನೂ ಆಳ," ಎಂದು ಟೇಪಕ್ಕ ನಿಂತು ಹೇಳುತ್ತಿದ್ದರು. ನೆಟ್ಟು ಮುಗಿಸಿ, ಕೈ ಕೊಡವಿ, ಅವರು ಹದಿಮೂರರ ಮುಂದೆ ಸರಿ ಗುರುತು ಹಾಕಿದರು. ಗಾರ್ಡ್ ತಾತ ಬಾಯಲ್ಲಿ ಬೆರಳಿಟ್ಟು ಉದ್ದನೆಯ ಸೀಟಿ ಹೊಡೆದರು. ಟೇಪಕ್ಕ ನಗುತ್ತ ಅಳುತ್ತ ನೀರಿನ ಕ್ಯಾನನ್ನು ಒದ್ದು ಉರುಳಿಸಿಬಿಟ್ಟರು.

ಇದಾಗಿ ಒಂಬತ್ತು ವರ್ಷವಾಯಿತು. ಹದಿಮೂರು ಇಂದಿಗೂ ಆಕೆಯದೇ. ನನ್ನ ಮಂಡಿ ಈಗ ಬಗ್ಗುವುದಿಲ್ಲ. ನನ್ನ ಸಾಲುಗಳ ಕಳೆಯನ್ನೂ ಆಕೆಯೇ ಕೀಳುತ್ತಾರೆ, ಕೀಳುವಷ್ಟು ಹೊತ್ತೂ ಬೈಯುತ್ತಾರೆ. ಈ ವಾರ ಬಳ್ಳಿ ಬೀನ್ಸ್ ಬಿತ್ತನೆ. ನಿನ್ನೆ ಬೆಳಿಗ್ಗೆ ನಾನು ಹೋದಾಗ ಒಂದೊಂದು ಕೋಲಿನ ಬುಡಕ್ಕೂ ಎರಡೆರಡು ಕಾಳು ಹಾಕುತ್ತಿದ್ದರು. ಬೇಲಿಯ ಪಕ್ಕ ಕುರ್ಚಿಯಲ್ಲಿ ಅತ್ತೆ ಕುಳಿತಿದ್ದರು, ಮಡಿಲಲ್ಲಿ ಕಾಳಿನ ಡಬ್ಬಿ.

"ಮೂರು ಹಾಕೇ, ಒಂದನ್ನ ಹಕ್ಕಿ ತಿನ್ನತ್ತೆ," ಎಂದರು ಅತ್ತೆ.

"ಹಕ್ಕಿಗೆ ಬೇರೆ ಸಾಲು ಹಾಕ್ತೀನಿ, ಸುಮ್ನಿರಿ ಅತ್ತೆ," ಎಂದ ಟೇಪಕ್ಕ, ಅತ್ತೆ ಅತ್ತ ತಿರುಗಿದೊಡನೆ ಮೂರನೆಯ ಕಾಳನ್ನೂ ಹಾಕಿ ಮಣ್ಣು ಮುಚ್ಚಿದರು.