ಎರಡೇ ಗುಳಿಗೆ

ಶಹಾಪುರದಲ್ಲಿ ನನ್ನದೊಂದು ಔಷಧ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಅದೇ ಕೌಂಟರಿನ ಹಿಂದೆ ನಿಂತಿದ್ದೇನೆ. ಜನ ನನ್ನನ್ನು ಡಾಕ್ಟ್ರೇ ಎನ್ನುತ್ತಾರೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಹಾಗೆ ಕರೆಯದವರ ಮೇಲೆಯೇ ಒಳಗೊಳಗೆ ಮುನಿಸು ಬರತೊಡಗಿತು. ಮನುಷ್ಯ ಕೆಡುವುದು ಹೀಗೆಯೇ ಇರಬೇಕು.

ನಮ್ಮ ಕಡೆ ಹೆಂಗಸರು ಮೂತ್ರದ ತೊಂದರೆಯನ್ನು ಹೆಸರು ಹಿಡಿದು ಹೇಳುವುದಿಲ್ಲ. ಅಂಗಡಿಯಲ್ಲಿ ಗಂಡಸರಿದ್ದರೆ ಅವರು ಹೋಗುವ ತನಕ ಬದಿಗೆ ನಿಲ್ಲುತ್ತಾರೆ. ಆಮೇಲೆ ಸೆರಗು ಬಾಯಿಗೆ ಹಿಡಿದು, "ಕಾವಾಗ್ಯಾದ್ರಿ" ಎನ್ನುತ್ತಾರೆ. ಬುರ್ಖಾ ತೊಟ್ಟ ಅಜ್ಜಿಯಾದರೆ, "ಗರ್ಮಿ ಹೋಗಯಿ ಬಾಬಾ" ಎಂದು ಅದೇ ಕಾವನ್ನು ಹೇಳುತ್ತಾಳೆ. ಉರಿ, ಗಳಿಗೆಗೊಮ್ಮೆ ಹೋಗಬೇಕೆನಿಸುವುದು, ಹೋದರೆ ನಾಲ್ಕೇ ಹನಿ, ಕೆಳಹೊಟ್ಟೆಯ ನೋವು, ಎಲ್ಲವೂ ಆ ಒಂದು ಮಾತಿನಲ್ಲಿ ಬಂದುಬಿಡುತ್ತದೆ. ನಾನು ಮರುಪ್ರಶ್ನೆ ಕೇಳುತ್ತಿರಲಿಲ್ಲ. ಕೇಳದೆಯೇ ತಿಳಿದುಕೊಳ್ಳುವವನು ಎಂಬ ಹೆಸರು ನನಗಿತ್ತು.

ಅವರು ಸಬ್ಜಾ ಬೀಜ, ಕೊತ್ತಂಬರಿ ನೀರು, ಹೊಕ್ಕುಳಿಗೆ ಔಡಲೆಣ್ಣೆ ಎಲ್ಲವನ್ನೂ ಮುಗಿಸಿಯೇ ಬರುತ್ತಿದ್ದರು. ಐದು ದಿನದ ಗುಳಿಗೆ ತೆಗೆದಿಟ್ಟರೆ ಹಿಂದೆ ಸರಿಯುತ್ತಿದ್ದರು. ಇಂಗ್ಲಿಷ್ ಗುಳಿಗೆ ಮೈಗೆ ಕಾವು ಎಂಬುದು ಇಲ್ಲಿ ಸೂರ್ಯ ಮೂಡಿದಷ್ಟೇ ಖರೆ. ಕಾವು ಇಳಿಸಲು ಬಂದವರು ಇನ್ನಷ್ಟು ಕಾವನ್ನು ಕಟ್ಟಿಸಿಕೊಂಡು ಹೋಗುತ್ತಾರೆಯೇ? "ಎರಡ ಸಾಕ್ರಿ, ಉರಿ ನಿಂತ್ರ ಆಯ್ತು." ನಾನು ಕತ್ತರಿ ತೆಗೆದು ಸ್ಟ್ರಿಪ್ಪಿನಿಂದ ಎರಡನ್ನು ಕತ್ತರಿಸಿ ಕೊಡುತ್ತಿದ್ದೆ. ಮೊದಲ ಗುಳಿಗೆಗೆ ಉರಿ ತಗ್ಗುತ್ತದೆ, ಎರಡನೆಯದಕ್ಕೆ ನಿಂತೇಬಿಡುತ್ತದೆ. ರೋಗಾಣು ಮಾತ್ರ ಪೂರ್ತಿ ಸಾಯುವುದಿಲ್ಲ. ಉಳಿದದ್ದು ಆ ಔಷಧಕ್ಕೆ ಪಳಗುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ನಾಲಿಗೆಗೆ ಹುಳ ಬೀಳಬೇಕು. ಓದಿ ಪರೀಕ್ಷೆ ಬರೆದೇ ಅಂಗಡಿ ಇಟ್ಟವನು ನಾನು.

ನನ್ನ ಹೆಂಡತಿ ರಂಗಂಪೇಟೆಯವಳು, ಅಂಗನವಾಡಿ ಕಾರ್ಯಕರ್ತೆ. ದಿನಾ ಬಸ್ಸಿನಲ್ಲಿ ಒಂದು ಹಳ್ಳಿಗೆ ಹೋಗಿ ಬರುತ್ತಿದ್ದಳು. ಅಲ್ಲಿ ಹೆಂಗಸು ಹೋಗಿ ಕೂಡುವಂಥ ಜಾಗವಿರಲಿಲ್ಲ. ಅದಕ್ಕೆ ಮುಂಜಾನೆ ಚಹಾ ಕುಡಿದರೆ ಮುಗಿಯಿತು, ಸಂಜೆ ಮನೆಗೆ ಬರುವ ತನಕ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಮಕ್ಕಳಿಗೆ ಮಾತ್ರ, ನೀರು ಕುಡಿಯಿರಿ, ಬಿಸಿಲು ಅದ ಎಂದು ದಿನವಿಡೀ ಹೇಳುತ್ತಿದ್ದಳಂತೆ.

ಅವಳಿಗೂ ಕಾವಾಗುತ್ತಿತ್ತು. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ನನ್ನೆದುರಿಗೂ ಅದೇ ಮಾತು, ಅದೂ ಗೋಡೆಯ ಕಡೆ ಮುಖ ಮಾಡಿ. ರಾತ್ರಿ ಅಂಗಡಿ ಮುಚ್ಚಿ ಬರುವಾಗ ಎರಡು ಗುಳಿಗೆ ಜೇಬಿನಲ್ಲಿ ಹಾಕಿಕೊಂಡು ಬರುತ್ತಿದ್ದೆ. ಪೂರ್ತಿ ಐದು ದಿನ ತೆಗೆದುಕೋ ಎಂದು ಒಂದೆರಡು ಸಲ ಹೇಳಿದ್ದುಂಟು.

"ಉರಿ ನಿಂತಾದ. ಇನ್ನ್ಯಾಕ ಬೇಕ್ರಿ ಅದು? ಬಾಯಾಗೆಲ್ಲ ಹುಣ್ಣು ಏಳ್ತಾವ" ಎನ್ನುತ್ತಿದ್ದಳು.

ನಾನು ಊಟಕ್ಕೆ ಕೂತುಬಿಡುತ್ತಿದ್ದೆ. ಮೂತ್ರ ಪರೀಕ್ಷೆ ಮಾಡಿಸೋಣ ಎಂದು ಒಮ್ಮೆಯೂ ಕರೆದುಕೊಂಡು ಹೋಗಲಿಲ್ಲ. ಡಾಕ್ಟರ ಮುಂದೆ ಹೋದರೆ ನನ್ನ ಡಾಕ್ಟರಿಕೆಗೆ ಏನು ಬೆಲೆ! ಒಮ್ಮೆ ಅವಳೇ ನಗುತ್ತ, "ಊರ ಮಂದೀನ ಹೆಂಗಿದ್ದೀರಿ ಅಂತ ಕೇಳ್ತೀರಿ, ನನಗ ಕೇಳೂದಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದಿದ್ದಳು. ನಾನೂ ನಕ್ಕಿದ್ದೆ.

ಎರಡು ಮೂರು ತಿಂಗಳಿಗೊಮ್ಮೆ ಕಾವು ಬರತೊಡಗಿತು. ಒಂದು ಗುಳಿಗೆ ಹತ್ತದಿದ್ದರೆ ಅದಕ್ಕಿಂತ ಜೋರಿನದು, ಅದೂ ಹತ್ತದಿದ್ದರೆ ಮತ್ತೊಂದು. ಬೆನ್ನು ನೋಯುತ್ತದೆ ಎಂದಾಗ ಬಸ್ಸಿನ ಕುಲುಕಾಟ ಎಂದು ಮುಲಾಮು ಕೊಟ್ಟೆ. ಹೋದ ವರ್ಷ ಬೇಸಿಗೆಗೆ ಮುಂಚೆಯೇ ಮೈ ಗಡಗಡ ನಡುಗುವ ಜ್ವರ ಬಂತು. ಎರಡು ದಿನ ಜ್ವರದ ಗುಳಿಗೆ ಹಾಕಿದೆ. ಮೂರನೆಯ ದಿನ ಅವಳು ನನ್ನನ್ನೇ ಗುರುತು ಹಿಡಿಯದೆ ಏನೇನೋ ಮಾತಾಡತೊಡಗಿದಾಗ ಗಾಡಿ ಮಾಡಿಕೊಂಡು ಕಲಬುರಗಿಗೆ ಒಯ್ದೆ.

ಸ್ಕ್ಯಾನಿನಲ್ಲಿ ಎರಡೂ ಕಿಡ್ನಿಯ ತುಂಬ ಕಲ್ಲು. ಒಂದರಲ್ಲಿ ಕೀವು ತುಂಬಿತ್ತು. ಕಲ್ಲಿನಿಂದ ಸೋಂಕು, ಸೋಂಕಿನಿಂದ ಮತ್ತೆ ಕಲ್ಲು, ಹೀಗೆ ವರ್ಷಗಟ್ಟಲೆ ನಡೆದಿತ್ತು. ನನ್ನ ಗುಳಿಗೆಗಳು ಉರಿಯನ್ನಷ್ಟೇ ನಿಲ್ಲಿಸಿ ಒಳಗಿನದನ್ನು ಮುಚ್ಚಿಟ್ಟಿದ್ದವು. ಮೂತ್ರದ ಕಲ್ಚರ್ ವರದಿಯನ್ನು ಡಾಕ್ಟರಿಗಿಂತ ಮೊದಲು ನಾನೇ ಓದಿದೆ. ಔಷಧಗಳ ಹೆಸರಿನ ಉದ್ದನೆಯ ಪಟ್ಟಿ, ಪ್ರತಿಯೊಂದರ ಎದುರಿಗೂ ಈ ಔಷಧ ಕೆಲಸ ಮಾಡುವುದಿಲ್ಲ ಎಂಬ ಗುರುತು. ಕೊನೆಯ ಎರಡು ಮಾತ್ರ ಉಳಿದಿದ್ದವು, ಅವೂ ರಕ್ತನಾಳಕ್ಕೆ ಕೊಡುವಂಥವು. ಮೇಲಿನ ಹೆಸರುಗಳಲ್ಲಿ ಬಹಳಷ್ಟು ನನ್ನ ಅಂಗಡಿಯ ಕಪಾಟಿನಲ್ಲಿದ್ದವು. ಯಾವುದನ್ನು ಯಾವ ಹಬ್ಬದ ಆಸುಪಾಸು ಅವಳಿಗೆ ತಂದುಕೊಟ್ಟಿದ್ದೆ ಎಂಬುದೂ ನೆನಪಾಯಿತು. ಆಸ್ಪತ್ರೆಯ ವರಾಂಡದಲ್ಲಿ ಆ ಪಟ್ಟಿ ಹಿಡಿದುಕೊಂಡು ಕೂತುಬಿಟ್ಟೆ.

ಅವಳಿಗೆ ಸ್ವಲ್ಪ ಎಚ್ಚರ ಬಂದ ಮೇಲೆ ಡಾಕ್ಟರಮ್ಮ ಮಂಚದ ಹತ್ತಿರ ನಿಂತು ಕೇಳಿದರು. "ಇಷ್ಟು ವರ್ಷ ಈ ಗುಳಗಿ ನಿಮಗ ಯಾರು ಕೊಟ್ಟಾರಮ್ಮ?"

ನಾನು ಕಾಲಬದಿಯಲ್ಲಿಯೇ ನಿಂತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ.

"ನಾನ ಊರಾಗ ಅಲ್ಲಿ ಇಲ್ಲಿ ತಗೊಂಡು ನುಂಗೀನ್ರಿ. ಇವರಿಗೇನೂ ಗೊತ್ತಿಲ್ಲ" ಎಂದಳು.

ಡಾಕ್ಟರಮ್ಮ ತಲೆ ಅಲ್ಲಾಡಿಸಿ ಬರೆದುಕೊಂಡರು. ನಾನು ಬಾಯಿ ತೆರೆಯಲಿಲ್ಲ. ಆ ಹೊತ್ತಿನಷ್ಟು ನನ್ನ ಮೇಲೆ ನನಗೆ ಎಂದೂ ಹೇಸಿಗೆ ಹುಟ್ಟಿಲ್ಲ. ಆದರೂ ತೆರೆಯಲಿಲ್ಲ.

ಜೀವ ಉಳಿಯಿತು, ಕಿಡ್ನಿ ಉಳಿಯಲಿಲ್ಲ. ಈಗ ವಾರಕ್ಕೆ ಮೂರು ಸಲ ಯಾದಗಿರಿಗೆ ಡಯಾಲಿಸಿಸ್‌ಗೆ ಹೋಗುತ್ತೇವೆ. ನನ್ನ ಕಿಡ್ನಿ ಕೊಡುತ್ತೇನೆ ಎಂದರೆ, ನಿಮಗೆ ಸಕ್ಕರೆ ಕಾಯಿಲೆಯಿದೆ, ನಿಮ್ಮದು ಬೇಡ ಎಂದರು ಡಾಕ್ಟರು. ಅವಳ ತವರಿನಲ್ಲಿ ಕೇಳುವ ಮುಖ ನನಗಿಲ್ಲ. ಹರಕೆ ಹೊತ್ತು ತಿಂಥಣಿಯ ಗುಡಿಗೂ ಹೋಗಿ ಬಂದೆವು. ಅಂಗಡಿಯಲ್ಲಿ ಬಿಡಿ ಗುಳಿಗೆ ಕೊಡುವುದನ್ನು ನಿಲ್ಲಿಸಿದ್ದೇನೆ. ಪರೀಕ್ಷೆ ಮಾಡಿಸಿ ಬನ್ನಿ, ಪೂರ್ತಿ ನುಂಗಿ ಎಂದು ಒದರುತ್ತೇನೆ. ಹೆಂಗಸರು ಹೂಂ ಎಂದು ಇನ್ನೊಂದು ಅಂಗಡಿಗೆ ಹೋಗಿ ಎರಡೇ ತರುತ್ತಾರೆ. ಡಾಕ್ಟ್ರಿಗೆ ಹೆಂಡತಿ ಹಾಸಿಗೆ ಹಿಡಿದ ಮೇಲೆ ತಲೆ ಕೆಟ್ಟಾದ ಎಂದು ಮಾತಾಡುತ್ತಾರಂತೆ.

ಅವಳಿಗೆ ಈಗ ನೀರು ಅಳತೆಯ ಮೇಲೆ. ಕುಡಿದದ್ದು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಂತು ಕಾಲು ಬಾತುಕೊಳ್ಳುತ್ತದೆ, ಎದೆಗೆ ಏರುತ್ತದೆ. ದಿನಕ್ಕೊಂದು ಸಣ್ಣ ಬಾಟಲಿ, ಅದರಲ್ಲೇ ಚಹಾ, ಅದರಲ್ಲೇ ಗುಳಿಗೆಯ ನೀರು. ತುಂಬಿಡುವವನು ನಾನು. ಯುಗಾದಿ ದಾಟಿದ ಮೇಲೆ ಈ ಊರಿನ ಬಿಸಿಲಿಗೆ ಗೋಡೆಗಳೂ ಉಸಿರು ಬಿಡುತ್ತವೆ. ಮೊನ್ನೆ ಮಧ್ಯಾಹ್ನ ಹನ್ನೆರಡಕ್ಕೇ ಬಾಟಲಿ ಬರಿದಾಗಿತ್ತು.

"ನಾಳೆ ಮಷಿನ್ನಾಗ ತೆಗೀತಾರಲ್ಲ. ಗಡಿಗಿ ನೀರು ಒಂದ್ ತಂಬಗಿ ಕೊಡ್ರಿ" ಎಂದಳು.

ಬೇಡ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದಳು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಮೂರನೆಯ ಸಲ ಬರೀ ಕೈ ಚಾಚಿದಳು.

ಕೊಟ್ಟೆ. ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಒಂದೇ ಉಸಿರಿಗೆ ಕುಡಿದು, ಇನ್ನೊಂದು ಎಂದಳು. ಅದನ್ನೂ ಕೊಟ್ಟೆ.

"ಈಗ ಒಳಗಿನ ಕಾವು ಇಳೀತು ನೋಡ್ರಿ" ಎಂದು ಕಣ್ಣು ಮುಚ್ಚಿದಳು.

ಮರುದಿನ ಮುಂಜಾನೆ ಅವಳ ಕಾಲು ಚಪ್ಪಲಿಯೊಳಗೆ ಹೋಗಲಿಲ್ಲ. ಬರಿಗಾಲಲ್ಲೇ ಯಾದಗಿರಿ ಬಸ್ಸು ಹತ್ತಿಸಿದೆ.