ಗ್ರಾಜೀನಾ ಅಜ್ಜಿಯ ಮನೆಯ ರೇಸುಗಾರ

ಮಾರ್ಚ್ ಬಂತೆಂದರೆ ಡಾರಿಲ್ ಆಸ್ಟ್ರೇಲಿಯದಿಂದ ಪೋಲೆಂಡಿನ ಲೆಷ್ನೊಗೆ ಬಂದು, ಗ್ರಾಜೀನಾ ಅಜ್ಜಿಯ ಮಾಳಿಗೆಯ ಬಾಡಿಗೆ ಕೋಣೆಯಲ್ಲಿ ಇಳಿಯುತ್ತಾನೆ. ಬ್ರೇಕೇ ಇಲ್ಲದ ಮೋಟಾರ್‌ಸೈಕಲ್ಲನ್ನು ಮಣ್ಣಿನ ಟ್ರ್ಯಾಕಿನಲ್ಲಿ ಎಡಕ್ಕೆ, ಮತ್ತೆ ಎಡಕ್ಕೆ ತಿರುಗಿಸುತ್ತ ಓಡಿಸುವುದು ಅವನ ಕಸುಬು. ಊಟದ ಮೇಜನ್ನೂ ಅವನು ಎಡಕ್ಕೆ ತಿರುಗಿಯೇ ಸುತ್ತುತ್ತಾನೆ. ಪಂದ್ಯಕ್ಕೆ ಮುಂಚೆ ಟ್ರ್ಯಾಕಿನ ಮಣ್ಣು ಪರೀಕ್ಷಿಸುವ ಹಾಗೆ, ಅಂಗಳದ ಹೂವಿನ ಪಾತಿಯನ್ನೂ ಹಿಮ್ಮಡಿಯಿಂದ ಕೆದಕಿ "ಒದ್ದೆ ಜಾಸ್ತಿ" ಎನ್ನುತ್ತಾನೆ. "ಇದೇ ಕೊನೇ ವರ್ಷ ಅಜ್ಜೀ" ಎಂದರೆ, "ಹೋದ ವರ್ಷಾನೂ ಇದೇ ಹೇಳಿದ್ದೆ, ಸೂಪು ಕುಡಿ" ಎಂದು ಅವಳು ಗದರುತ್ತಾಳೆ. ಪಂದ್ಯ ನೋಡುವ ಧೈರ್ಯ ಅವಳಿಗಿಲ್ಲ. ಭಾನುವಾರ ಮೈದಾನದ ಅಬ್ಬರ ಅಡುಗೆಮನೆಗೆ ಕೇಳಿಸುತ್ತಿದ್ದರೆ, ನೀರು ಕುದಿಯುತ್ತಿದ್ದರೂ ಕಡುಬು ಹಾಕದೆ ಕಾಯುತ್ತಾಳೆ. ಪಂದ್ಯ ಮುಗಿಸಿ ಬಂದು ಅವನು ಕರೆಗಂಟೆ ಬಾರಿಸಿದೊಡನೆ "ಯಾರದು?" ಎನ್ನುತ್ತಾಳೆ. "ನಾನೇ ಅಜ್ಜೀ, ಕೈಕಾಲು ಸಮೇತ ಬಂದಿದೀನಿ! ಬೀಗದ ಕೈ ಮರೆತೆ." "ತಲೆ ಕುತ್ತಿಗೆಗೆ ಅಂಟಿಕೊಂಡಿದೆ, ಇಲ್ದಿದ್ರೆ ಅದನ್ನೂ ಮರೀತಿದ್ದೆ!" ಎಂದು ಬಾಗಿಲು ತೆರೆದ ಮೇಲೆಯೇ ಕಡುಬು ನೀರಿಗೆ ಬೀಳುವುದು. ಕಳೆದ ಬೇಸಿಗೆಯಲ್ಲಿ, ಮಣ್ಣು ಮೆತ್ತಿದ ಅವನ ಚರ್ಮದ ಅಂಗಿಯನ್ನು ಒರೆಸುವಾಗ, ಒಳಜೇಬಿನಲ್ಲಿ ಬೀಗದ ಕೈ ಅಜ್ಜಿಯ ಬೆರಳಿಗೆ ತಗುಲಿತು. ಎಂದೂ ಬೀಳದಂತೆ ಅದನ್ನು ದಾರ ಹಾಕಿ ಹೊಲಿದಿದ್ದ. ಅವಳು ಅದನ್ನು ಹಾಗೇ ಬಿಟ್ಟು ಅಂಗಿಯನ್ನು ಗೂಟಕ್ಕೆ ತೂಗುಹಾಕಿದಳು. ಮುಂದಿನ ಭಾನುವಾರ ಅವನು ಗಂಟೆ ಬಾರಿಸಿದಾಗ, ಎಂದಿಗಿಂತ ಗಟ್ಟಿಯಾಗಿ ಕೇಳಿದಳು: "ಯಾರದು?"