ವೇರಿಯೋಲಾ ಮತ್ತು ಮಿರ್ಚಿ ಭಜಿ

ಆರೋಗ್ಯ ಸಮೀಕ್ಷೆಗೆಂದು ಹಳೇ ಹುಬ್ಬಳ್ಳಿಯ ಒಂದು ಮನೆಗೆ ಹೋದಾಗ ಒಳಗೆ ಸೊಸೆ ಮಿರ್ಚಿ ಭಜಿ ಕರಿಯುತ್ತಿದ್ದಳು. ನನ್ನ ಅರ್ಧ ಗಮನ ಅಲ್ಲೇ ಇತ್ತು. ಎದುರಿಗೆ ಕುಳಿತ ಅಜ್ಜಿಯ ಮುಖದ ತುಂಬ ಹಳೆಯ ಸಿಡುಬಿನ ಕಲೆ.

"ಸಣ್ಣವರಿದ್ದಾಗ ಯಾವ ರೋಗ ಬಂದಿತ್ರಿ?" ಅಂದೆ.

"ರೋಗಲ್ಲೋ ತಮ್ಮಾ, ಅವ್ವ ಬಂದಿದ್ಲು. ಆಕಿ ಹೆಸರು ಹೇಳಬಾರ್ದು, ಅವ್ವ ಅಂತನ ಬರ್ಕೋ."

ನನ್ನ ಟ್ಯಾಬಿನ ಪಟ್ಟಿಯಲ್ಲಿ ಅವ್ವನಿಗೆ ಜಾಗವಿರಲಿಲ್ಲ. "ಇದ್ರಾಗ ವೇರಿಯೋಲಾ ಅಂತ ಐತ್ರಿ. ಸಿಡುಬಿಗೆ ಡಾಕ್ಟರು ಇಟ್ಟ ಹೆಸರು."

"ಹಂಗಂದ್ರ?"

"ಲ್ಯಾಟಿನ್ ಭಾಷಾದಾಗ ಚುಕ್ಕಿ ಚುಕ್ಕಿ ಇರೋದು ಅಂತ ಅರ್ಥರಿ."

ಅಜ್ಜಿ ಕೆನ್ನೆ ಸವರಿಕೊಂಡು ಗಹಗಹಿಸಿ ನಕ್ಕಳು. "ಅವರೂ ಆಕಿ ಹೆಸರು ಹೇಳಾಕ ಅಂಜ್ಯಾರ ನೋಡು! ಆಕಿ ಬಿಟ್ಟು ಹೋದ ಗುರ್ತಷ್ಟ ಹೇಳ್ಯಾರ. ಶಾಣ್ಯಾರದಾರ!"

ನಾನೂ ನಕ್ಕೆ. ಅಷ್ಟರಲ್ಲಿ ಅಜ್ಜಿ ಒಳಗೆ ಕೂಗಿದಳು. "ಏ, ಎಣ್ಣಿ ಇಳಿಸು! ಮನ್ಯಾಗ ಅವ್ವನ ಮಾತು ಬಂದೈತಿ. ಎಣ್ಣ್ಯಾಗ ಕರದ್ರ ಆಕಿಗೆ ಉರಿ ಆಕ್ಕೈತಿ. ಇವತ್ತು ಒಗ್ಗರಣಿನೂ ಬ್ಯಾಡ. ತಮ್ಮಗ ಮೊಸರನ್ನ ಕೊಡು, ಆಕಿ ತಂಪಾಗಿ ಹೋಗ್ಲಿ."

ಸೊಸೆ ಬಾಗಿಲಿಗೆ ಬಂದು ನನ್ನನ್ನು ದುರುಗುಟ್ಟಿ ನೋಡಿದಳು. ಕೈಯಲ್ಲಿ ಹಿಟ್ಟು ಮೆತ್ತಿದ ಮೆಣಸಿನಕಾಯಿ ಹಾಗೇ ಇತ್ತು.

ಮೊಸರನ್ನ ಭಾಳ ಛಲೋ ಇತ್ತು, ಎರಡು ಸಲ ಹಾಕಿಸಿಕೊಂಡೆ. ಆದರೆ ಅಂದಿನಿಂದ, ಯಾರ ಮನೆಯಲ್ಲಾದರೂ ಕಾದ ಎಣ್ಣೆಯ ವಾಸನೆ ಬಂದರೆ, ಹಳೆಯ ರೋಗಗಳ ಪ್ರಶ್ನೆಯನ್ನು ಭಜಿ ತಿಂದು ಕೈ ತೊಳೆದ ಮೇಲೇ ಕೇಳುತ್ತೇನೆ.